ಒಕ್ಕಣ್ಣ ಸರದಾರನ ಹಾಡು ಮತ್ತು ಪಾಲುಪತ್ರ

ಎರಡು ವರ್ಷದ ಹಿಂದೆ ಜರ್ಮನಿಯ ಮ್ಯೂನಿಕ್‌ನಿಂದ ನಮಗೊಂದು ಪೋಸ್ಟ್‌ಕಾರ್ಡ್ ಬಂತು. ಕಳಿಸಿದವನು ನಮ್ಮ ಆಪಾಳ ಮಗ. ಅಲ್ಲಿ ಎಂಜಿನಿಯರ್ ಆಗಿರುವ ಅವನು ರಜೆಯಲ್ಲಿ ಆಲ್ಪ್ಸ್ ಪರ್ವತ ದಾಟಿ ದಕ್ಷಿಣ ಟೈರೋಲ್ ಎಂಬ ಸೀಮೆಯನ್ನು ಸುತ್ತಿ ಬಂದಿದ್ದ. ಕಾರ್ಡಿನ ಮೇಲೆ ಒಬ್ಬ ಗಂಡಸಿನ ಚಿತ್ರ. ದಪ್ಪ ಮುಖ, ಬೆಲೆಬಾಳುವ ನಿಲುವಂಗಿ, ಎದೆಯ ಮೇಲೆ ಬಿರುದಿನ ಪಟ್ಟಿ. ಎಡಗಣ್ಣು ನಮ್ಮನ್ನೇ ನೋಡುತ್ತಿದೆ, ಬಲಗಣ್ಣು ಮುಚ್ಚಿಕೊಂಡಿದೆ. ಹಿಂಬದಿಯಲ್ಲಿ ನಾಲ್ಕೇ ಸಾಲು: “ಮಾಮೂ, ಇವನ ಹೆಸರು ಓಸ್ವಾಲ್ಡ್ ಫಾನ್ ವೋಲ್ಕೆನ್‌ಸ್ಟೈನ್. ಇವನೂ ನಿಮ್ಮ ಹಾಗೆ ಬರೆಯುವವನು. ಹತ್ತು ಭಾಷೆ ಬರುತ್ತಿತ್ತಂತೆ. ಆಸ್ತಿಯ ಪಾಲಿಗಾಗಿ ಜೀವನಪೂರ್ತಿ ಜಗಳವಾಡಿದನಂತೆ.”

ಮೊದಲ ಮೂರು ಸಾಲು ಓದಿ ಖುಷಿಯಾಯಿತು. ನಾಲ್ಕನೆಯದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಹುಡುಗ ಬೇಕೆಂದೇ ಬರೆದನೋ, ಸುಮ್ಮನೆ ಬರೆದನೋ, ನಾವು ಕೇಳಲಿಲ್ಲ. ಆದರೆ ಆ ಒಕ್ಕಣ್ಣ ನಮ್ಮನ್ನು ಬಿಡಲಿಲ್ಲ. ಇಂಗ್ಲಿಷಿನಲ್ಲಿ ಸಿಕ್ಕಷ್ಟನ್ನು ನಾವೇ ಓದಿದೆವು. ಜರ್ಮನ್ ಭಾಷೆಯಲ್ಲಿದ್ದುದನ್ನು ಭಾನುವಾರದ ಫೋನಿನಲ್ಲಿ ಭಾಂಜಾ ಓದಿ, ಅರ್ಥ ಬಿಡಿಸಿ ಹೇಳಿದ.

ಓದುಗರಲ್ಲಿ ಒಂದು ಮಾತು. ಇಲ್ಲಿ ‘ನಾನು’ ಎನ್ನದೆ ‘ನಾವು’ ಎನ್ನುತ್ತಿರುವುದು ಗತ್ತಿಗಲ್ಲ. ನಮ್ಮ ಮನೆಯ ಉರ್ದುವಿನಲ್ಲಿ ‘ಹಮ್’ ಎಂದರೆ ಒಬ್ಬನೂ ಹೌದು, ಇಡೀ ಮನೆಯೂ ಹೌದು. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಮಾಧ್ಯಮಕ್ಕೆ ಬಂದವರು ನಾವು. ‘ನಾನು’ ಎಂದು ಬರೆಯಲು ಕಲಿಸಿದ್ದು ಕನ್ನಡದ ಕತೆ. ಆದರೆ ಈಗ ಹೇಳಹೊರಟಿರುವುದರಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ. ಆ ತಪ್ಪು ಒಬ್ಬನದಲ್ಲ. ಆದ್ದರಿಂದ ‘ನಾವು’ ಎನ್ನುವುದೇ ಸರಿ.

ಈ ಓಸ್ವಾಲ್ಡ್ ಹುಟ್ಟಿದ್ದು 1377ರ ಸುಮಾರಿಗೆ. ಟೈರೋಲ್ ಆಗ ಆಸ್ಟ್ರಿಯದ ಡ್ಯೂಕರ ಆಡಳಿತದಲ್ಲಿತ್ತು. ಮೊದಲ ಮಹಾಯುದ್ಧದ ನಂತರ ಅದರ ದಕ್ಷಿಣ ಭಾಗ ಇಟಲಿಗೆ ಸೇರಿತು. ಇಂದಿಗೂ ಅಲ್ಲಿನ ಜನರಲ್ಲಿ ಹೆಚ್ಚಿನವರ ಮನೆಮಾತು ಜರ್ಮನ್. ಜೊತೆಗೆ ಇಟಾಲಿಯನ್ ಇದೆ, ಕಣಿವೆಗಳಲ್ಲಿ ಲಾಡಿನ್ ಎಂಬ ಚಿಕ್ಕ ಭಾಷೆಯಿದೆ. ತಂದೆ ಫ್ರೀಡ್ರಿಶ್ ಫಾನ್ ವೋಲ್ಕೆನ್‌ಸ್ಟೈನ್, ತಾಯಿ ವಿಲ್ಯಾಂಡರ್ಸ್ ಮನೆತನದ ಕಥರೀನಾ. ಎರಡೂ ಕಡೆಯವರು ಕೋಟೆಮನೆ ಇದ್ದವರು, ರೈತರಿಂದ ಗೇಣಿ ಎತ್ತುವವರು, ಕರೆ ಬಂದಾಗ ಕುದುರೆ ಏರಿ ದೊರೆಯ ಯುದ್ಧಕ್ಕೆ ಹೋಗುವವರು. ಯುರೋಪಿನಲ್ಲಿ ಇಂಥವರನ್ನು ‘ನೈಟ್’ ಎನ್ನುತ್ತಿದ್ದರು. ನಮ್ಮ ಕಡೆಯ ಹಳೆಯ ಮಾತಿನಲ್ಲಿ ಹೇಳುವುದಾದರೆ ಸರದಾರ, ಜಹಗೀರುದಾರ ಎರಡೂ ಸೇರಿದ ಆಳು.

ಗಂಡುಮಕ್ಕಳು ಮೂವರು: ಹಿರಿಯ ಮಿಖಾಯೆಲ್, ನಡುವಿನವ ಓಸ್ವಾಲ್ಡ್, ಕಿರಿಯ ಲಿಯೊನಾರ್ಡ್. ಹೆಣ್ಣುಮಕ್ಕಳೂ ಇದ್ದರು. ನಡುವಿನವನ ಬಲಗಣ್ಣು ಕಾಣುತ್ತಿರಲಿಲ್ಲ. ಹಬ್ಬದ ದಿನ ಬಾಣ ತಗುಲಿ ಕಣ್ಣು ಹೋಯಿತೆಂದು ಜನ ಬಹುಕಾಲ ಕತೆ ಕಟ್ಟಿದ್ದರು. ಅವನದ್ದೆಂದು ನಂಬಲಾದ ಎಲುಬುಗಳು 1973ರಲ್ಲಿ ನೊಯ್‌ಸ್ಟಿಫ್ಟ್ ಮಠದಲ್ಲಿ ಸಿಕ್ಕವು. ಪರೀಕ್ಷಿಸಿದಾಗ ಬಲಗಣ್ಣಿನ ಗೂಡೇ ಚಿಕ್ಕದಿದ್ದುದು ಕಂಡಿತು. ಅಂದರೆ ಹುಟ್ಟಿನಿಂದಲೇ ಬಂದ ಊನ. ಬಾಣದ ಕತೆಯನ್ನು ನಂಬಿದವರು ಬೇಸರ ಪಟ್ಟಿರಬೇಕು. ಕತೆಗಿಂತ ಎಲುಬು ಹೆಚ್ಚು ನಿಜ ಹೇಳುತ್ತದೆ ಎಂಬುದು ಆಗಲೇ ನಮಗೆ ಹೊಳೆಯಬೇಕಿತ್ತು.

ಹತ್ತನೇ ವಯಸ್ಸಿನಲ್ಲಿ ಮನೆ ಬಿಟ್ಟೆ, ಚೀಲದಲ್ಲಿ ಮೂರು ಕಾಸು ಮತ್ತು ಒಂದು ತುಂಡು ರೊಟ್ಟಿ ಇತ್ತು ಎಂದು ಅವನು ತನ್ನ ಒಂದು ಹಾಡಿನಲ್ಲಿ ಹೇಳಿಕೊಳ್ಳುತ್ತಾನೆ. ಕುದುರೆಲಾಯ ಗುಡಿಸಿದೆ, ಅಡುಗೆ ಮಾಡಿದೆ, ಹಡಗಿನಲ್ಲಿ ಹುಟ್ಟುಹಾಕಿದೆ ಎನ್ನುತ್ತಾನೆ. ಹತ್ತು ಭಾಷೆ ಬಳಸಿದೆನೆಂದು ಪಟ್ಟಿ ಕೊಡುತ್ತಾನೆ. ಫ್ರೆಂಚ್, ಲ್ಯಾಟಿನ್, ಕ್ಯಾಟಲಾನ್, ರಷ್ಯನ್ ಎಲ್ಲ ಇರುವ ಆ ಪಟ್ಟಿಯಲ್ಲಿ ಮೂರ್ ಜನರ ಭಾಷೆಯೂ ಇದೆ. ಮೂರ್ ಜನರ ಭಾಷೆ ಎಂದರೆ ಅರಬ್ಬಿ. ಅದನ್ನು ಓದಿದ ದಿನ ನಮಗಾದ ಸಂತೋಷವನ್ನು ಹೇಳದೆ ಇರಲಾರೆವು. ಎರಡು ಭಾಷೆಯ ನಡುವೆ ಹೊಯ್ದಾಡಿ ಬೆಳೆದವರಿಗೆ ಹತ್ತು ಭಾಷೆಯವನು ಅಣ್ಣನಂತೆ ಕಾಣುತ್ತಾನೆ.

ಆದರೆ ಮನೆಯ ಕಡೆ ನಡೆದದ್ದು ಬೇರೆ. 1400ರ ಹೊತ್ತಿಗೆ ತಂದೆ ತೀರಿಕೊಂಡ. ಆಸ್ತಿಯೆಲ್ಲ ಹಿರಿಯ ಮಿಖಾಯೆಲನ ಕೈಯಲ್ಲಿ ಉಳಿಯಿತು. ಕಿರಿಯರಿಬ್ಬರೂ ಪಾಲಿಗಾಗಿ ಕಾದರು. ಕಾಯುವುದು ಸಾಕಾದಾಗ ಅಣ್ಣನ ಒಡವೆ, ಹಣವನ್ನು ತಮ್ಮಂದಿರು ಲಪಟಾಯಿಸಿದ ಪ್ರಕರಣವೂ ನಡೆಯಿತು. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ನಮ್ಮ ಗಾದೆ ಆಲ್ಪ್ಸ್ ಪರ್ವತದ ಆಚೆಗೂ ಸಲ್ಲುತ್ತದೆ. ಕೊನೆಗೆ 1407ರಲ್ಲಿ ಮೂವರು ಅಣ್ಣತಮ್ಮಂದಿರ ನಡುವೆ ಪಾಲುಪತ್ರವಾಯಿತು.

ಓಸ್ವಾಲ್ಡ್‌ಗೆ ಬಂದದ್ದರಲ್ಲಿ ಮುಖ್ಯವಾದದ್ದು ಕೆಲವು ಹಿಡುವಳಿಗಳ ಗೇಣಿ ಮತ್ತು ಶ್ಲೆರ್ನ್ ಪರ್ವತದ ಬುಡದ ಕಾಡಿನಲ್ಲಿದ್ದ ಹೌವೆನ್‌ಸ್ಟೈನ್ ಎಂಬ ಕೋಟೆಯ ಪಾಲು. ಕೋಟೆಯಲ್ಲ, ಕೋಟೆಯ ಪಾಲು. ಮೂರರಲ್ಲಿ ಒಂದು. ಉಳಿದ ಎರಡು ಪಾಲು ಹೌವೆನ್‌ಸ್ಟೈನ್ ಮನೆತನದ ಹೆಣ್ಣುಮಗಳು ಬಾರ್ಬರಾಳ ಕಡೆಯಿಂದ ಅವಳ ಗಂಡ ಮಾರ್ಟಿನ್ ಯೇಗರ್ ಎಂಬ ಇನ್ನೊಬ್ಬ ನೈಟ್‌ನ ಕೈಗೆ ಬಂದಿದ್ದವು. ಓಸ್ವಾಲ್ಡ್ ತನ್ನ ಮೂರರಲ್ಲೊಂದನ್ನು ಹಿಡಿದುಕೊಂಡು ಮೂರೂ ಪಾಲನ್ನು ಆಕ್ರಮಿಸಿದ. ಇನ್ನೊಬ್ಬರಿಗೆ ಸೇರಬೇಕಾದ ಗೇಣಿಯನ್ನೂ ತಾನೇ ಎತ್ತಿದ. ಅವನ ಮುಂದಿನ ಇಪ್ಪತ್ತು ವರ್ಷಗಳ ಬಾಳು ಈ ಎರಡು ಪಾಲಿನ ಸುತ್ತ ಗಿರಕಿ ಹೊಡೆಯಿತು.

ಹೊರಗಿನ ಲೋಕದಲ್ಲಿ ಅವನದು ಬೇರೆಯೇ ಮುಖ. 1408ರಲ್ಲಿ ಬ್ರಿಕ್ಸನ್ ಊರಿನ ಕ್ಯಾಥೆಡ್ರಲ್‌ಗೆ ತನ್ನದೇ ಆಳೆತ್ತರದ ಕಲ್ಲಿನ ಚಿತ್ರ ಮಾಡಿಸಿ ನಿಲ್ಲಿಸಿದ: ಉದ್ದ ಗಡ್ಡ, ಕವಚ, ಕೈಯಲ್ಲಿ ಶಿಲುಬೆಯ ಬಾವುಟ. ಬದುಕಿರುವಾಗಲೇ ಸ್ಮಾರಕ! 1411ರಲ್ಲಿ ಬ್ರಿಕ್ಸನ್ ಹತ್ತಿರದ ನೊಯ್‌ಸ್ಟಿಫ್ಟ್ ಮಠದಲ್ಲಿ ಊಟ, ವಸತಿಯ ಹಕ್ಕನ್ನೂ ಪಡೆದುಕೊಂಡ. 1415ರಲ್ಲಿ ಕಾನ್‌ಸ್ಟನ್ಸ್ ನಗರದಲ್ಲಿ ಕ್ರೈಸ್ತ ಧರ್ಮಸಭೆ ಸೇರಿದ್ದಾಗ ರಾಜ ಸಿಗಿಸ್ಮಂಡ್ ಅವನನ್ನು ವರ್ಷಕ್ಕೆ 300 ಹಂಗೇರಿ ಚಿನ್ನದ ನಾಣ್ಯದ ಸಂಬಳಕ್ಕೆ ತನ್ನ ಚಾಕರಿಗೆ ಸೇರಿಸಿಕೊಂಡ. ರಾಜನ ಕೆಲಸದ ಮೇಲೆ ಇಂಗ್ಲೆಂಡು, ಪೋರ್ಚುಗಲ್, ಸ್ಪೇನ್ ಕಡೆಯೆಲ್ಲ ತಿರುಗಿದ. ಅದೇ ವರ್ಷ ಪೋರ್ಚುಗೀಸರು ಮೊರಾಕೊ ಕರಾವಳಿಯ ಸೆಯುತಾ ಪಟ್ಟಣವನ್ನು ಮುಸ್ಲಿಮರಿಂದ ಕಿತ್ತುಕೊಂಡರು. ಆ ಪಟ್ಟಣ ಗೆಲ್ಲಲು ನಾನೂ ನೆರವಾದೆ ಎಂದು ಓಸ್ವಾಲ್ಡ್ ಒಂದು ಹಾಡಿನಲ್ಲಿ ಹೇಳಿಕೊಳ್ಳುತ್ತಾನೆ.

ಇಲ್ಲಿ ನಮ್ಮಂಥ ಓದುಗರ ಮನಸ್ಸು ಸ್ವಲ್ಪ ಮುದುಡುತ್ತದೆ. ಅರಬ್ಬಿ ಬರುತ್ತದೆಂದು ಹೆಮ್ಮೆಪಟ್ಟವನೇ ಅರಬ್ಬಿ ಮಾತಾಡುವವರ ಊರಿನ ಮೇಲೆ ಕತ್ತಿ ಎತ್ತಿದೆನೆಂದೂ ಹೆಮ್ಮೆಪಡುತ್ತಾನೆ. ಆದರೆ ಅದೇ ಹಾಡಿನಲ್ಲಿ ಗ್ರನಾಡದ ಮುಸ್ಲಿಮ್ ದೊರೆ ತನ್ನನ್ನು ಆದರದಿಂದ ಬರಮಾಡಿಕೊಂಡನೆಂದೂ ಹೇಳುತ್ತಾನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಅವನಿಗೆ ಮುಜುಗರವಿಲ್ಲ. ಭಾಷೆ ಕಲಿತ ಮಾತ್ರಕ್ಕೆ ಆ ಭಾಷೆಯವರ ನೋವು ತಿಳಿಯುವುದಿಲ್ಲ. ಇದು ಅವನಿಗಷ್ಟೇ ಹೇಳಿದ ಮಾತೂ ಅಲ್ಲ. ನಾವು ಕನ್ನಡದಲ್ಲಿ ಇಷ್ಟು ಕತೆ ಬರೆದೆವು, ಮನೆಯ ಹೆಂಗಸರ ಮಾತನ್ನು ಅಕ್ಷರಕ್ಕಿಳಿಸಿದೆವೆಂದು ಮೆಚ್ಚುಗೆ ಪಡೆದೆವು. ಆ ಮಾತಿನ ಹಿಂದಿನ ಲೆಕ್ಕ ನಮಗೆ ಗೊತ್ತಿತ್ತೇ?

1417ರಲ್ಲಿ ಓಸ್ವಾಲ್ಡ್ ಮದುವೆಯಾದ. ಹೆಣ್ಣು ಶ್ವಾಂಗೌ ಮನೆತನದ ಮಾರ್ಗರೇಟ. ಇಂದು ಪ್ರವಾಸಿಗಳು ಮುಗಿಬೀಳುವ ನೊಯ್‌ಶ್ವಾನ್‌ಸ್ಟೈನ್ ಅರಮನೆಯಿರುವ ಬೆಟ್ಟದ ಸೀಮೆ ಅವಳ ತೌರು. ಆ ಕಾಲದ ಜರ್ಮನ್ ಕವಿಗಳು ಕೈಗೆಟುಕದ ಯಾರದೋ ದೊಡ್ಡಮನೆಯ ಹೆಣ್ಣಿನ ಮೇಲೆ ಪ್ರೇಮಗೀತೆ ಕಟ್ಟುವುದು ಪದ್ಧತಿ. ಓಸ್ವಾಲ್ಡ್ ತನ್ನ ಹೆಂಡತಿಯ ಹೆಸರನ್ನೇ ಹಿಡಿದು, ಮುದ್ದಿನ ಹೆಸರಿನಿಂದ ಕರೆದು, ಪ್ರೇಮಗೀತೆ ಬರೆದ. ಇದು ಅಪರೂಪ. ಕೆಲವು ಹಾಡುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸರದಿಯಂತೆ ಹಾಡುತ್ತಾರೆ.

ಇನ್ನೊಂದು ಹಾಡು ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಅರಬಸ್ಥಾನ, ಪರ್ಶಿಯಾ ಎಂದೆಲ್ಲ ತಾನು ತಿರುಗಿದ ನಾಡುಗಳ ಹೆಸರನ್ನು ಮೆರವಣಿಗೆಯಂತೆ ಸಾಲಾಗಿ ಹೇಳುತ್ತಾ ಹಾಡು ಶುರುವಾಗುತ್ತದೆ. ಆಮೇಲೆ ಈಗ ಎಲ್ಲಿದ್ದೇನೆ ಎಂಬುದಕ್ಕೆ ಬರುತ್ತದೆ: ಸುತ್ತ ಕಾಡು, ಹಿಮ, ಕತ್ತೆಗಳ ಅರಚಾಟ, ನವಿಲಿನ ಕೂಗು. ಮಕ್ಕಳ ಗಲಾಟೆ ತಾಳಲಾರದೆ ಅವರಿಗೆ ಹೊಡೆಯುತ್ತಾನೆ. ಹೆಂಡತಿ ಓಡಿಬಂದು ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆರು ನೂರು ವರ್ಷದ ಹಿಂದಿನ ಈ ಹಾಡು ಓದಿದಾಗ ನಮ್ಮ ಮನೆಯಾಕೆ, “ಇವರು ನಮ್ಮ ಓಣಿಯವರೇ ಇರಬೇಕು” ಎಂದು ನಕ್ಕಳು. ಓಸ್ವಾಲ್ಡ್ ಮತ್ತು ಮಾರ್ಗರೇಟರಿಗೆ ಏಳು ಮಕ್ಕಳು. ಆ ಗಲಾಟೆ ಸುಳ್ಳಲ್ಲ.

ಆದರೆ ಆ ಗಲಾಟೆಯ ಕೋಟೆ ಅವನದ್ದಲ್ಲ. ಮೂರರಲ್ಲಿ ಒಂದು ಮಾತ್ರ ಅವನದು. ಹಾಡಿನಲ್ಲಿ ಆ ಮಾತು ಬರುವುದಿಲ್ಲ.

1421ರ ಶರತ್ಕಾಲದಲ್ಲಿ ಮಾರ್ಟಿನ್ ಯೇಗರ್ ಕಡೆಯವರು ಓಸ್ವಾಲ್ಡ್‌ನನ್ನು ಹಿಡಿದು ಸೆರೆಯಲ್ಲಿಟ್ಟರು, ಚಿತ್ರಹಿಂಸೆ ಕೊಟ್ಟರು. ಹಿಡಿದುಕೊಡಲು ನೆರವಾದವಳು ಅನ್ನಾ ಹೌಸ್‌ಮನ್, ಬ್ರಿಕ್ಸನ್‌ನ ಒಬ್ಬ ಶಾಲಾ ಮಾಸ್ತರನ ಮಗಳು, ಓಸ್ವಾಲ್ಡ್‌ನ ಹಳೆಯ ಪ್ರೇಯಸಿ. ಆಮೇಲೆ ಸೆರೆಯಾಳು ಟೈರೋಲಿನ ಡ್ಯೂಕ್ ನಾಲ್ಕನೇ ಫ್ರೀಡ್ರಿಶ್‌ನ ಕೈಗೆ ಬಂದ. ಡ್ಯೂಕನಿಗೂ ಇಂಥ ಹಠಮಾರಿ ಜಮೀನುದಾರರನ್ನು ಬಗ್ಗಿಸುವ ಅವಕಾಶ ಬೇಕಿತ್ತು. 1422ರಲ್ಲಿ 6000 ನಾಣ್ಯದ ಜಾಮೀನು ಪತ್ರದ ಮೇಲೆ ಬಿಡುಗಡೆಯಾಯಿತು. ರಾಜ ಕೊಡುತ್ತಿದ್ದ ವರ್ಷದ 300ರ ಜೊತೆ ಹೋಲಿಸಿ ನೋಡಿ: ಇಪ್ಪತ್ತು ವರ್ಷದ ಸಂಬಳ! ಜಾಮೀನು ನಿಂತವರಲ್ಲಿ ಅಣ್ಣ ಮಿಖಾಯೆಲನೂ ಒಬ್ಬ. ತಮ್ಮಂದಿರು ಒಡವೆ ಲಪಟಾಯಿಸಿದ್ದು ಈ ಅಣ್ಣನಿಂದಲೇ. ದಾಯಾದಿಯಾದರೂ ಅಣ್ಣ ಅಣ್ಣನೇ.

ಓಸ್ವಾಲ್ಡ್ ಬುದ್ಧಿ ಕಲಿಯಲಿಲ್ಲ. 1427ರಲ್ಲಿ ಮತ್ತೆ ಸೆರೆ. ಈ ಬಾರಿ ಇನ್ಸ್‌ಬ್ರುಕ್‌ನಲ್ಲಿ ಡ್ಯೂಕನ ಮುಂದೆ ತಲೆ ತಗ್ಗಿಸಿ, ಇನ್ನು ಹಗೆ ಸಾಧಿಸುವುದಿಲ್ಲವೆಂದು ಆಣೆಯಿಟ್ಟು ಬರೆದುಕೊಟ್ಟ. ಯೇಗರ್ ಕಡೆಯವರಿಗೆ 500 ನಾಣ್ಯ ಕೊಟ್ಟು ಇಡೀ ಹೌವೆನ್‌ಸ್ಟೈನ್ ಅನ್ನು ತನ್ನದಾಗಿಸಿಕೊಂಡ. ಅಂದರೆ ಮೊದಲೇ ಹಣ ಕೊಟ್ಟು ಕೇಳಬಹುದಾಗಿದ್ದನ್ನು ಇಪ್ಪತ್ತು ವರ್ಷದ ಹಗೆ, ಎರಡು ಸೆರೆವಾಸ, ಮುರಿದ ಮೈ ಇವೆಲ್ಲದರ ನಂತರ ಹಣ ಕೊಟ್ಟೇ ಪಡೆದ. ಜಗಳಗಂಟತನ ಮಾತ್ರ ಹೋಗಲಿಲ್ಲ. 1429ರಲ್ಲಿ ಬ್ರಿಕ್ಸನ್‌ನ ಬಿಷಪ್‌ಗೇ ಮುಷ್ಟಿಯಿಂದ ಗುದ್ದಿದ. ಪೆಟ್ಟು ತಿಂದ ಬಿಷಪ್ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಈಗ ನಾವು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬಂದೆವು. ಓಸ್ವಾಲ್ಡ್ ಈ ಸೆರೆಯ ಬಗ್ಗೆಯೂ ಹಾಡು ಕಟ್ಟಿದ. ಹಾಡಿನಲ್ಲಿ ಅವನು ಪ್ರೇಮಕ್ಕೆ ಬಲಿಯಾದ ಗಂಡಸು. ಪ್ರೀತಿಸಿದ ಹೆಣ್ಣೇ ಕಾಲಿಗೆ ಸಂಕೋಲೆ ಹಾಕಿಸಿದಳು, ಹಣ ಕೇಳಿದಳು, ಹೌವೆನ್‌ಸ್ಟೈನ್ ಕೇಳಿದಳು ಎಂದು ದೂರುತ್ತಾನೆ. ಕೇಳಿದವರಿಗೆ ಅಯ್ಯೋ ಎನಿಸುತ್ತದೆ. ಆ ಕೋಟೆಯಲ್ಲಿ ಎರಡು ಪಾಲು ಬೇರೆಯವರದ್ದು, ಅದನ್ನು ತಾನು ವರ್ಷಗಟ್ಟಲೆ ಅನುಭವಿಸಿದ್ದೇನೆ ಎಂಬುದನ್ನು ಅವನು ಸುಮ್ಮನೆ ಬಿಟ್ಟುಬಿಟ್ಟಿದ್ದಾನೆ. ಹಾಡಿನಲ್ಲಿ ಸುಳ್ಳು ಹೇಳಿದ್ದಾನೆ ಎನ್ನಲಾಗದು. ಕಾಲು ಮುರಿದದ್ದು ನಿಜ, ಹೆಣ್ಣು ಹಿಡಿಸಿಕೊಟ್ಟದ್ದು ನಿಜ. ಲೆಕ್ಕವನ್ನು ಮಾತ್ರ ಹೇಳಲಿಲ್ಲ.

ಅವನ ದುರದೃಷ್ಟವೋ ನಮ್ಮ ಅದೃಷ್ಟವೋ, ಲೆಕ್ಕದ ಕಾಗದಗಳು ಉಳಿದುಕೊಂಡವು. ಮಧ್ಯಯುಗದ ಇನ್ನಾವ ಜರ್ಮನ್ ಕವಿಯ ಬಗ್ಗೆಯೂ ಇಷ್ಟು ದಾಖಲೆ ಉಳಿದಿಲ್ಲ ಎನ್ನುತ್ತಾರೆ. ಪಾಲುಪತ್ರ, ಗೇಣಿ ಲೆಕ್ಕ, ಜಾಮೀನು, ದೂರು, ರಾಜಿಪತ್ರ ಹೀಗೆ ಐನೂರಕ್ಕೂ ಹೆಚ್ಚು. ಅಂಟೋನ್ ಶ್ವೋಬ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಅವು 1999ರಿಂದ 2013ರವರೆಗೆ ಐದು ಸಂಪುಟಗಳಲ್ಲಿ ಅಚ್ಚಾದವು. ಹಾಡುಗಳನ್ನು ಓಸ್ವಾಲ್ಡ್ ತಾನೇ ಮುಂದೆ ನಿಂತು, ಹಣ ಖರ್ಚು ಮಾಡಿ, ಸ್ವರಲಿಪಿ ಸಮೇತ ಎರಡು ಅಂದವಾದ ಹಸ್ತಪ್ರತಿಗಳಲ್ಲಿ ಬರೆಯಿಸಿದ. ಒಂದು ವಿಯೆನ್ನಾದಲ್ಲಿದೆ, 1432ರ ಇನ್ನೊಂದು ಇನ್ಸ್‌ಬ್ರುಕ್‌ನಲ್ಲಿ. ನಮ್ಮ ಪೋಸ್ಟ್‌ಕಾರ್ಡಿನ ಚಿತ್ರ ಆ ಎರಡನೆಯದರದ್ದು. ಜನ ತನ್ನನ್ನು ಹೇಗೆ ನೆನೆಯಬೇಕೆಂದು ಅವನು ಬಯಸಿದನೋ ಅದು ಹಸ್ತಪ್ರತಿಯಲ್ಲಿದೆ. ಅವನು ಏನು ಮಾಡಿದನೋ ಅದು ಪೆಟ್ಟಿಗೆಯ ಕಾಗದಗಳಲ್ಲಿದೆ.

ನಮ್ಮ ಮನೆಯಲ್ಲೂ ಒಂದು ಪೆಟ್ಟಿಗೆಯಿದೆ.

ಅಬ್ಬಾ ತೀರಿಕೊಂಡಾಗ ನಾವು ಮೂವರು ಅಣ್ಣತಮ್ಮಂದಿರು, ಒಬ್ಬಳು ಆಪಾ. ಅಮ್ಮಿ ಮೊದಲೇ ಹೋಗಿದ್ದರು. ಶರೀಅತ್ತಿನ ಲೆಕ್ಕ ಮದ್ರಸದ ಹುಡುಗನಿಗೂ ಗೊತ್ತು: ಮಗನಿಗೆ ಎರಡಾದರೆ ಮಗಳಿಗೆ ಒಂದು. ಮೂವರು ಗಂಡುಮಕ್ಕಳಿಗೆ ಆರು, ಮಗಳಿಗೆ ಒಂದು, ಒಟ್ಟು ಏಳು. ಮರುವರ್ಷ ಹಳೆಯ ಹಂಚಿನ ಮನೆ 14 ಲಕ್ಷಕ್ಕೆ ಹೋಯಿತು. ಲೆಕ್ಕದ ಪ್ರಕಾರ ನಮಗೆ ತಲಾ 4 ಲಕ್ಷ, ಆಪಾಗೆ 2 ಲಕ್ಷ. ಮಾರುವ ಮೊದಲು ಬಡೇ ಭಾಯಿ ಒಂದು ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು ಬಂದರು. “ತೌರಿನ ಬಾಗಿಲು ಮುಖ್ಯವೋ, ದುಡ್ಡು ಮುಖ್ಯವೋ?” ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಆಪಾ ಓದಿಯೂ ನೋಡದೆ ಸಹಿ ಹಾಕಿದಳು. ಆ ದಿನ ಅವಳೇ ಎಲ್ಲರಿಗೂ ಸೇಮಿಗೆ ಖೀರು ಮಾಡಿ ಬಡಿಸಿದಳು. ನಾವು ತಲಾ 4,66,666 ರೂಪಾಯಿ ಎಣಿಸಿಕೊಂಡೆವು.

ಅಷ್ಟಕ್ಕೇ ಬಿಡಲಿಲ್ಲ. ನಾವು ಅದರ ಮೇಲೊಂದು ಕತೆ ಬರೆದೆವು. ಅಣ್ಣತಮ್ಮಂದಿರಿಗಾಗಿ ನಗುನಗುತ್ತಾ ಎಲ್ಲವನ್ನೂ ಬಿಟ್ಟುಕೊಡುವ ಅಕ್ಕ, ಖೀರಿನ ಪರಿಮಳ, ಮುರಿದು ಬೀಳುವ ಹಳೆಯ ಮನೆ. ವಿಶೇಷಾಂಕವೊಂದರಲ್ಲಿ ಬಂತು. ಕಣ್ಣೀರು ಬಂತೆಂದು ಎಷ್ಟೋ ಓದುಗರು ಪತ್ರ ಬರೆದರು. ಆ ಕತೆಯಲ್ಲಿ ಏಳರಲ್ಲಿ ಒಂದು ಎಂಬ ಲೆಕ್ಕ ಇರಲಿಲ್ಲ. ಖೀರು ನಿಜ, ನಗು ನಿಜ, ಬಿದ್ದ ಮನೆಯೂ ನಿಜ. ಒಕ್ಕಣ್ಣ ಸರದಾರನ ಹಾಡಿನ ಹಾಗೆಯೇ.

ಟೈರೋಲಿನಲ್ಲಿ ಹೆಣ್ಣುಮಕ್ಕಳ ಗತಿ ಏನಿತ್ತು ಎಂದು ಹುಡುಕಿದೆವು. ಆ ಕಾಲದ ಜರ್ಮನ್ ಸರದಾರ ಮನೆತನಗಳಲ್ಲಿ ಮಗಳಿಗೆ ಮದುವೆಯಲ್ಲಿ ವರದಕ್ಷಿಣೆ ಕೊಟ್ಟು, ಇನ್ನು ತಂದೆಯ ಆಸ್ತಿಯ ಮೇಲೆ ಹಕ್ಕಿಲ್ಲವೆಂದು ಅವಳಿಂದ ಪತ್ರ ಬರೆಸಿಕೊಳ್ಳುವುದು ರೂಢಿಯಾಗಿತ್ತು. 1407ರ ಪಾಲುಪತ್ರ ಮೂವರು ಗಂಡಸರ ನಡುವಿನದು. ಅವರಿಗೆ ಅದು ರೂಢಿ, ಅವರ ಕಾನೂನೇ ಹಾಗಿತ್ತು. ನಮಗೆ ಆ ನೆಪವೂ ಇಲ್ಲ. ನಮ್ಮ ಧರ್ಮ ಹದಿನಾಲ್ಕು ನೂರು ವರ್ಷದ ಹಿಂದೆಯೇ ಮಗಳ ಪಾಲು ಇಷ್ಟೆಂದು ನಿಗದಿ ಮಾಡಿತು ಎಂದು ನಾವು ವೇದಿಕೆಗಳಲ್ಲಿ ಎದೆ ತಟ್ಟಿ ಹೇಳುತ್ತೇವೆ. ಮನೆಗೆ ಬಂದು ಬಿಡುಗಡೆ ಪತ್ರದ ಮೇಲೆ ಆಪಾಳ ಸಹಿ ಹಾಕಿಸಿಕೊಳ್ಳುತ್ತೇವೆ. ಅವರ ಸಮಾಜ ಹೆಣ್ಣಿಗೆ ಕೊಡಲಿಲ್ಲ. ನಮ್ಮಲ್ಲಿ ಕೊಟ್ಟದ್ದನ್ನು ಪ್ರೀತಿಯ ಹೆಸರಿನಲ್ಲಿ ಕಿತ್ತುಕೊಳ್ಳುತ್ತೇವೆ. ಯಾವುದು ಹೆಚ್ಚು ತಪ್ಪು ಎಂಬುದನ್ನು ಓದುಗರೇ ಹೇಳಲಿ.

ಓಸ್ವಾಲ್ಡ್‌ನ ಮಗಳೊಬ್ಬಳ ಹೆಸರು ಮರಿಯಾ. ಬ್ರಿಕ್ಸನ್‌ನ ಕ್ಲಾರಾ ಪಂಥದ ಸನ್ಯಾಸಿನಿಯರ ಮಠದಲ್ಲಿದ್ದಳು. ಅಪ್ಪ ಸತ್ತ ಕೆಲವು ವರ್ಷಗಳಿಗೆ ಆ ಊರಿಗೆ ಹೊಸ ಬಿಷಪ್ ಬಂದ: ಕೂಸಾ ಊರಿನ ನಿಕೊಲಾಸ್, ಆ ಕಾಲದ ಯುರೋಪಿನ ಮಹಾ ಪಂಡಿತರಲ್ಲಿ ಒಬ್ಬ. ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದ 1453ರಲ್ಲೇ ಅವನು ಎಲ್ಲ ಧರ್ಮದವರೂ ಸ್ವರ್ಗದ ಸಭೆಯಲ್ಲಿ ಕೂತು ಶಾಂತಿಗಾಗಿ ಮಾತಾಡುವ ಗ್ರಂಥ ಬರೆದ. 1461ರಲ್ಲಿ ಲ್ಯಾಟಿನ್ ಅನುವಾದದ ಮೂಲಕ ಕುರ್‌ಆನನ್ನು ಜರಡಿ ಹಿಡಿದು ನೋಡುವ ಇನ್ನೊಂದು ಗ್ರಂಥವನ್ನೂ ಬರೆದ. ಅಂಥವನು ತನ್ನದೇ ಊರಿನ ಸನ್ಯಾಸಿನಿಯರ ಮೇಲೆ ಕಟ್ಟುನಿಟ್ಟಿನ ಹೊಸ ನಿಯಮ ಹೇರಹೊರಟ. ಮರಿಯಾ ಒಪ್ಪಲಿಲ್ಲ. ನೆರವು ಕೇಳಿ ಅಣ್ಣತಮ್ಮಂದಿರಿಗೆ ಪತ್ರ ಬರೆದಳು. ಆ ಪತ್ರಗಳು ಉಳಿದಿವೆ. ಅಪ್ಪನ ಹಾಡಿನಲ್ಲಿ ಮಕ್ಕಳ ಗಲಾಟೆಯಷ್ಟೇ ಕೇಳಿಸುತ್ತದೆ. ಮಗಳ ಮಾತು ಕೇಳಿಸುವುದು ಅವಳ ಪತ್ರದಲ್ಲಿ. ಲೋಕದ ಧರ್ಮಗಳಿಗೆಲ್ಲ ಶಾಂತಿ ಬಯಸಿದ ಪಂಡಿತನಿಗೆ ಪಕ್ಕದ ಮಠದ ಹೆಂಗಸರ ಮಾತಿಗೆ ಕಿವಿಗೊಡುವುದು ಕಷ್ಟವಾಯಿತು. ಇದನ್ನೂ ನಾವು ಬೇರೆಯವರ ಕತೆಯೆಂದು ಓದಲು ಆಗಲಿಲ್ಲ.

ಓಸ್ವಾಲ್ಡ್ ಕೊನೆಯವರೆಗೂ ಜಮೀನು, ಹುಲ್ಲುಗಾವಲುಗಳ ತಕರಾರಿನಲ್ಲೇ ಇದ್ದ. 1445ರ ಆಗಸ್ಟ್ 2ರಂದು ಮೆರಾನ್ ಊರಿನಲ್ಲಿ ತೀರಿಕೊಂಡ. ದೇಹವನ್ನು ನೊಯ್‌ಸ್ಟಿಫ್ಟ್ ಮಠಕ್ಕೆ ತಂದು ಹೂಳಿದರು. ಸುಮಾರು 130 ಹಾಡುಗಳು ಹಸ್ತಪ್ರತಿಯಲ್ಲೇ ಮಲಗಿದವು. ನಾಲ್ಕು ನೂರು ವರ್ಷದ ನಂತರ, 1847ರಲ್ಲಿ, ಬೇಡಾ ವೇಬರ್ ಎಂಬ ಪಾದ್ರಿ ಅವನ್ನು ಅಚ್ಚು ಹಾಕಿಸಿದ ಮೇಲೆ ಲೋಕಕ್ಕೆ ಅವನ ನೆನಪಾಯಿತು. ಈಗ ಅವನನ್ನು ಮಧ್ಯಯುಗದ ದೊಡ್ಡ ಕವಿಗಳ ಸಾಲಿನಲ್ಲಿ ಕೂರಿಸುತ್ತಾರೆ. ಕೂರಿಸಬೇಕಾದ್ದೇ. ಹಾಡು ಚೆನ್ನಾಗಿದೆ. ಹೌವೆನ್‌ಸ್ಟೈನ್ ಮಾತ್ರ ಇಂದು ಕಾಡಿನ ನಡುವೆ ಕೆಲವು ಮುರಿದ ಗೋಡೆ. ಭಾಂಜಾ ಅಲ್ಲಿಗೂ ಹತ್ತಿಹೋಗಿ ಫೋಟೊ ತೆಗೆದಿದ್ದ. ಗೋಡೆಯ ಸಂದಿಯಲ್ಲಿ ಮರ ಬೆಳೆದಿದೆ. ಯಾವುದು ಒಂದು ಪಾಲು, ಯಾವುದು ಎರಡು ಪಾಲು ಎಂದು ಈಗ ಯಾರೂ ಹೇಳಲಾರರು.

ಕಳೆದ ರಮಝಾನಿನಲ್ಲಿ ನಾವು ಅಣ್ಣಂದಿರಿಬ್ಬರಿಗೂ ವಿಷಯ ಹೇಳಿದೆವು. ಮಂಝಲೇ ಭಾಯಿ ತುಂಬ ಹೊತ್ತು ಸುಮ್ಮನಿದ್ದು, ಮಗಳ ಮದುವೆ ಮುಗಿಯಲಿ ಎಂದರು. ಬಡೇ ಭಾಯಿ, “ಅವಳೇ ಮನಸಾರೆ ಬಿಟ್ಟದ್ದು, ಸಹಿ ಇದೆ” ಎಂದರು. ಸಹಿ ಇರುವುದು ನಿಜ. ನಾವು ನಮ್ಮ ಕೈಯಲ್ಲಿ ಉಳಿದಿದ್ದ ಆಪಾಳ ಹಣದ ಮೂರರಲ್ಲಿ ಒಂದು ಭಾಗ, ಅಂದರೆ 66,666 ರೂಪಾಯಿ, ತೆಗೆದುಕೊಂಡು ಅವಳ ಮನೆಗೆ ಹೋದೆವು. ಅಂದಿನ ಆ ದುಡ್ಡಿಗೆ ಇಂದು ಆ ಬೆಲೆಯಿಲ್ಲ ಎಂಬುದೂ ಗೊತ್ತಿತ್ತು. ಬೇಡ ಎನ್ನುತ್ತಾಳೆ, ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆವು. ಕತೆಗಾರನ ಬುದ್ಧಿ.

ಆಪಾ ಬೇಡ ಎನ್ನಲಿಲ್ಲ. ಕನ್ನಡಕ ಹಾಕಿಕೊಂಡು, ನೋಟುಗಳನ್ನು ಒಂದೊಂದಾಗಿ ಎಣಿಸಿದಳು. ಸೀರೆಯ ಸೆರಗಿನಲ್ಲಿ ಗಂಟು ಹಾಕಿದಳು. ಆಮೇಲೆ ಹೇಳಿದಳು: “ಛೋಟೇ, ಅವತ್ತು ಇದು ಇದ್ದಿದ್ದರೆ ನನ್ನ ಮಗನ ಕಾಲೇಜು ಫೀಸಿಗೆ ಅಮ್ಮಿ ಕೊಟ್ಟ ಬಳೆ ಮಾರುವ ಹಾಗಿರಲಿಲ್ಲ.”

ಬಳೆ ಮಾರಿದ ಸಂಗತಿ ಹದಿನೈದು ವರ್ಷ ನಮಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಂಡಿರಲಿಲ್ಲ ಎಂದರೆ ಸರಿಯಾದೀತು. ಆಪಾಳ ಮಗನಿಗೆ ಗೊತ್ತಿತ್ತು. ಪೋಸ್ಟ್‌ಕಾರ್ಡಿನ ನಾಲ್ಕನೇ ಸಾಲು ಅವನು ಯಾಕೆ ಬರೆದನೆಂದು ನಾವು ಇನ್ನು ಕೇಳಬೇಕಿಲ್ಲ.

ಹೊರಡುವಾಗ ಆಪಾ ಬಾಗಿಲವರೆಗೆ ಬಂದಳು. “ಉಳಿದ ಎರಡು ಭಾಗ ಯಾವಾಗ?” ಎಂದಳು. ನಗುತ್ತಿದ್ದಳು, ಆದರೆ ತಮಾಷೆಗೆ ಕೇಳಿದ್ದಲ್ಲ. ನಾವು ಉತ್ತರ ಕೊಡದೆ ಬಂದೆವು. ಒಕ್ಕಣ್ಣನ ಕಾರ್ಡು ಈಗ ನಮ್ಮ ಬರೆಯುವ ಮೇಜಿನ ಮೇಲಿಲ್ಲ. ಪೆಟ್ಟಿಗೆಯಲ್ಲಿ, ಆ ಬಿಡುಗಡೆ ಪತ್ರದ ಜೊತೆ ಇಟ್ಟಿದ್ದೇವೆ. ಅಣ್ಣಂದಿರು ಈ ಪತ್ರಿಕೆ ಓದುತ್ತಾರೆ.